ಮನೆಗೊಂದು ಬುತ್ತಿ

ಒಂಟಿ ಚಪ್ಪಲಿಯೊಂದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂದು ಕಾಶಿನಾಥ ಗಳಿಗೆ ಹೊತ್ತು ಯೋಚಿಸಿದ. ಅದರ ಜೊತೆಯದು ರಸ್ತೆಯ ಆಚೆ ನಾಯಿಯ ಬಾಯಲ್ಲಿತ್ತು. ಚಪ್ಪಲಿಯ ಒಡೆಯನಂತೂ ಒಳಗೇ ಇದ್ದಾನಲ್ಲ ಎಂದು ಹಿಡಿದ. ಅಲ್ಲಿಗೆ ಅರವತ್ತೊಂದು ಜೋಡಿ.

ಯಲಹಂಕ ಉಪನಗರದ ಶರಣ ಬಳಗದ ಸಭಾಭವನದ ಎದುರು, ಹೊಂಗೆ ಮರದ ಕೆಳಗೆ, ಎಳನೀರು ಮಾರುವವಳು ಕೊಟ್ಟ ಸ್ಟೂಲಿನ ಮೇಲೆ ಅವನು ಕೂತಿದ್ದ. ಒಳಗೆ ಭಾನುವಾರದ ಪ್ರಾರ್ಥನೆ ನಡೆದಿತ್ತು. ಹಾರ್ಮೋನಿಯಂ ಹಳೆಯದೇ, ಅದರ ಒಂದು ಮನೆ ಇನ್ನೂ ಕೀರಲು ಸ್ವರವನ್ನೇ ಹೊರಡಿಸುತ್ತಿತ್ತು. ಹತ್ತೂವರೆಯ ಮೇಲೆ ಯಾರೂ ಹೊಸಬರು ಬರುವುದಿಲ್ಲ ಎಂಬುದು ಅವನಿಗೆ ಗೊತ್ತು. ಕಟ್ಟಡಕ್ಕೆ ಗುದ್ದಲಿ ಹಾಕಿದ ದಿನದಿಂದ ಇದ್ದವನು ಅವನು. ಹೋದ ಭಾನುವಾರ ಅರವತ್ತಮೂರು ಜೋಡಿ, ಅದರ ಹಿಂದಿನ ಭಾನುವಾರ ಅರವತ್ತಾರು. ಒಂದು ಕಾಲದಲ್ಲಿ ಇದೇ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರದೆ ಜನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಗೋಡೆ ಬದಿಗೆ ಹೋಗುತ್ತಿದ್ದರು. ಕಾಶಿನಾಥನಿಗೆ ಖುಷಿಯಾಯಿತು. ಮುಚ್ಚಿಡುವುದೇನು ಬಂತು, ಬಹಳ ಖುಷಿಯಾಯಿತು.

ಈ ಕೆಲಸವನ್ನು ಅವನಿಗೆ ವಹಿಸಿದವರು ಊರ ಕಡೆಯ ಮಠದ ಸ್ವಾಮಿಗಳು. ಬಳಗದವರು ಅವರನ್ನು ಅಪ್ಪಾವರು ಎನ್ನುತ್ತಾರೆ. ಯಲಹಂಕದ ಬಳಗ ಕರಗುತ್ತಿದೆ ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು. ನಿಜವಾಗಿ ಕರಗಿದ್ದರೆ ಈ ಭವನಕ್ಕೆ ಬೀಗ ಹಾಕಿ ಇದ್ದವರನ್ನು ಆರ್.ಟಿ. ನಗರದ ಬಳಗಕ್ಕೆ ಸೇರಿಸುವುದು, ಇಲ್ಲವಾದರೆ ಇಲ್ಲೇ ಹೊಸ ಕಟ್ಟಡ ಎಬ್ಬಿಸಿ ಅಧ್ಯಕ್ಷ ಪಂಚಪ್ಪನ ಕೈಯಿಂದ ಅಡಿಗಲ್ಲು ಹಾಕಿಸುವುದು ಎಂದು ಅವರ ಮನಸ್ಸಿನಲ್ಲಿತ್ತು. ಮೂವತ್ತೊಂದು ವರ್ಷ ಸಾಂಖ್ಯಿಕ ಇಲಾಖೆಯಲ್ಲಿದ್ದು ಮೂರು ಜನಗಣತಿ ಮಾಡಿ ನಿವೃತ್ತನಾದ ಕಾಶಿನಾಥನಿಗೆ ಫೋನು ಮಾಡಿ, "ಒಳಗಿದ್ದವರು ಹೆಚ್ಚಿಗಿ ಹೇಳ್ತಾರ, ಬಿಟ್ಟವರು ಕಡಿಮಿ ಹೇಳ್ತಾರ. ನೀವು ಎಣಿಸಿ ಹೇಳ್ರಿ," ಎಂದಿದ್ದರು. ಕಾಶಿನಾಥ ಬಳಗಕ್ಕೆ ಕಾಲಿಡದೆ ಎರಡು ವರ್ಷವಾಗಿತ್ತು. ಏಕೆ ಎಂದು ಅಪ್ಪಾವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೇಳಿದ್ದರೆ ಬಹುಶಃ ಆ ಕೆಲಸ ಅವನಿಗೆ ಸಿಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಗಿನ ಐದೂ ನಲವತ್ತಕ್ಕೆ ಅವನ ಹೆಂಡತಿ ಸರಳಾ ತೀರಿಕೊಂಡಳು. ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚುವಂತಿಲ್ಲ. ವಿಜಯಪುರದ ಕಡೆ ಹಳ್ಳಿಗಳಲ್ಲಾದರೆ ಓಣಿಯವರು ಮನೆಗೊಂದರಂತೆ ಬುತ್ತಿ ತರುತ್ತಾರೆ. ರೊಟ್ಟಿ, ಪಲ್ಯ, ಮೊಸರನ್ನ, ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ತಂದು, ಅಳುವವರನ್ನು ಬೈದು ಉಣಿಸುತ್ತಾರೆ. ಓಣಿ ಬಿಟ್ಟು ಬೆಂಗಳೂರಿಗೆ ಬಂದವರಿಗೆ ಬಳಗವೇ ಓಣಿ. ಸಾವಿನ ಸುದ್ದಿಯನ್ನು ಮನೆಯವರು ತಾವೇ ಹೇಳಿಕೊಂಡು ತಿರುಗಬಾರದು, ಅಧ್ಯಕ್ಷರಿಗೆ ತಿಳಿಸಿದರೆ ಅವರು ಎಲ್ಲರಿಗೂ ಮುಟ್ಟಿಸಬೇಕು ಎಂಬುದು ಬಳಗದ ನಿಯಮ. ಕಾಶಿನಾಥ ಆರು ಗಂಟೆಗೇ ಪಂಚಪ್ಪನಿಗೆ ಸಂದೇಶ ಕಳಿಸಿದ. "ಓಂ ಶಾಂತಿ. ಎಲ್ಲಾರಿಗೂ ತಿಳಸ್ತೀನಿ," ಎಂದು ಎರಡೇ ನಿಮಿಷಕ್ಕೆ ಉತ್ತರ ಬಂತು.

ಒಬ್ಬರೂ ಬರಲಿಲ್ಲ. ಅವತ್ತು ಇದೇ ಭವನದಲ್ಲಿ ಪಂಚಪ್ಪನಿಗೆ ಅರವತ್ತು ತುಂಬಿದ ಅಭಿನಂದನೆಯಿತ್ತು. ಎರಡು ಬೀದಿ ಆಚೆ ಮೈಕು ಕೇಳಿಸುತ್ತಿತ್ತು. ಊರಿಂದ ಸರಳಾಳ ತಮ್ಮಂದಿರು ಬರಲು ಒಂದು ರಾತ್ರಿಯ ದಾರಿ, ಅವರೇ ಕಾಯಬೇಡಿ ಎಂದರು. ಮನೆ ಮಾಲೀಕ ಲಕ್ಕಣ್ಣ, ಅವನ ಇಬ್ಬರು ಅಣ್ಣತಮ್ಮಂದಿರು ಮತ್ತು ಮಗಳು ಸ್ಮಿತಾಳ ಆಫೀಸಿನ ಹೇಮಂತ, ಈ ನಾಲ್ವರು ಹೆಗಲು ಕೊಟ್ಟರು. ಮಣ್ಣು ಮಾಡಿ ಬಂದ ಮೇಲೆ ಲಕ್ಕಣ್ಣ, "ಸಾರ್, ನಮ್ಮನೇಲಿ ಅನ್ನ ಸಾರು ಮಾಡ್ಸಿವ್ನಿ, ಕಳುಸ್ಲಾ?" ಎಂದು ಕೇಳಿದ. "ಬೇಡ ಲಕ್ಕಣ್ಣ, ನಮ್ಮವರು ತರ್ತಾರೆ," ಎಂದು ಕಾಶಿನಾಥ ಹೇಳಿದ. ಬಾಗಿಲು ತೆರೆದಿಟ್ಟುಕೊಂಡು ಆರು ಗಂಟೆಯವರೆಗೆ ಅಪ್ಪ ಮಗಳು ಕೂತರು. ಆರೂವರೆಗೆ ಸ್ಮಿತಾ ಎದ್ದು ಹೋಗಿ, ತಾಯಿ ಸತ್ತ ಮನೆಯಲ್ಲಿ, ತನ್ನ ಕೈಯಾರೆ ಒಲೆ ಹಚ್ಚಿ ಉಪ್ಪಿಟ್ಟು ಮಾಡಿದಳು. ಆ ಉಪ್ಪಿಟ್ಟನ್ನು ಕಾಶಿನಾಥ ತಿಂದ. ಇವತ್ತಿಗೂ ಅದು ಅವನ ಗಂಟಲಲ್ಲೇ ಇದೆ.

ಪ್ರಾರ್ಥನೆ ಮುಗಿದು ಪಂಚಪ್ಪ ಹೊರಬಂದ. ಗ್ರಾನೈಟ್ ವ್ಯಾಪಾರದ ಮನುಷ್ಯ, ನಗುವಾಗಲೂ ಎದುರಿನವರ ಅಳತೆ ತೆಗೆಯುವವನು. ರಸ್ತೆ ದಾಟಿ ಬಂದು ಕೈ ಮುಗಿದ.

"ಏನ್ರೀ ಕಾಶಿನಾಥ ಸರ, ಹೊರಗ ಕುಂತೀರಲ್ರೀ. ಬರ್ರಿ, ಪ್ರಸಾದ ಮಾಡ್ಕೊಂಡು ಹೋಗೀರಂತ."

"ಊಟ ಆಗೇತ್ರಿ."

"ಹನ್ನೊಂದು ಗಂಟೇಕ?" ಪಂಚಪ್ಪ ನಕ್ಕ. "ಚಪ್ಪಲಿ ಎಣಿಸಿದ್ರ ಮಂದಿ ತಿಳೀತಾರೇನ್ರಿ? ಹೆಸರು ಎಣಿಸ್ರಿ. ತಗೋರಿ ಪಟ್ಟಿ. ನಾನೂರಾ ಹನ್ನೆರಡು ಮನಿ. ವರ್ಷದಿಂದ ವರ್ಷಕ್ಕ ಏರಿಕೊಂತ ಹೊಂಟೈತಿ. ಅಪ್ಪಾವರಿಗೆ ಹಾಂಗ ಬರೀರಿ, ಮುಗೀತು."

ಪಟ್ಟಿಯನ್ನು ಕಾಶಿನಾಥ ಅಲ್ಲೇ ತಿರುವಿ ಹಾಕಿದ. ಮೂವತ್ತೆಂಟನೆಯ ಮನೆ ಅವನದೇ. ಅದರ ಮುಂದೆ 'ಸರಳಾ ಕಾಶಿನಾಥ' ಎಂದಿತ್ತು. ಪಕ್ಕದಲ್ಲಿ ಈ ವರ್ಷ ಹಾಜರಿ ಎಂದು ಹಸಿರು ಇಂಕಿನ ಗುರುತು. ಸತ್ತಾಗ ಬರದವರು ಸತ್ತ ಮೇಲೆ ಅವಳನ್ನು ಪ್ರಾರ್ಥನೆಗೆ ಕೂರಿಸಿಕೊಂಡಿದ್ದರು. ಅವನು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಬರೀತೀನ್ರಿ," ಎಂದಷ್ಟೇ ಹೇಳಿದ. ಏನು ಬರೆಯುವುದೆಂದು ಆಗಲೇ ತೀರ್ಮಾನವಾಗಿತ್ತು. ಬಳಗ ಸತ್ತಿದೆ, ಬೀಗ ಹಾಕಿರಿ. ಅಷ್ಟೇ.

ಆದರೂ ಮೂವತ್ತೊಂದು ವರ್ಷದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಬರದವರೆಲ್ಲ ಬಿಟ್ಟವರು ಹೌದೋ ಅಲ್ಲವೋ ಎಂದು ಮನೆಗೆ ಹೋಗಿ ಕೇಳದೆ ಸಹಿ ಹಾಕಲು ಅವನಿಗೆ ಆಗಲಿಲ್ಲ. ಪಂಚಪ್ಪ ನಾಳೆ ಎದ್ದು ನಿಂತು, ನಾಲ್ಕು ಚಪ್ಪಲಿ ನೋಡಿ ಬರೆದಿದ್ದಾನೆ ಎಂದುಬಿಟ್ಟರೆ? ಒಂದು ಏಟು ಹೊಡೆದರೆ ಮತ್ತೆ ಏಳಬಾರದು ಹಾಗೆ ಹೊಡೆಯಬೇಕು. ಪಟ್ಟಿಯಲ್ಲಿ ಹತ್ತು ಮನೆಗೆ ಒಂದರಂತೆ ಗುರುತು ಹಾಕಿಕೊಂಡು ಸೋಮವಾರದಿಂದ ಬಸ್ಸು ಹತ್ತಿದ.

ಆರ್.ಟಿ. ನಗರದಲ್ಲಿದ್ದ ಇಬ್ಬರು ಸತ್ತು ಮೂರು ವರ್ಷವಾಗಿತ್ತು. ಮತ್ತೊಬ್ಬರು ಧಾರವಾಡಕ್ಕೆ ಹೊರಟುಹೋಗಿದ್ದರು. ಪಟ್ಟಿಯ ತುಂಬ ಇಂಥವೇ ಹೆಸರು. ಉಳಿದವರು ಅವನನ್ನು ಕಂಡ ಕೂಡಲೇ ಗಾಬರಿಯಾಗಿ, ಕುರ್ಚಿ ಕೊಟ್ಟು, ನೀರು ಕೊಟ್ಟು, ಪ್ರಾರ್ಥನೆಗೆ ಏಕೆ ಬರುವುದಿಲ್ಲ ಎಂದರೆ ನೆಲ ನೋಡಿದರು. "ಹಾಂಗ ಸುಮ್ನ ಸರ, ಟೈಮ್ ಸಿಗಾಂಗಿಲ್ರಿ," ಎಂದರು. ಟೈಮು ಸಿಗದವರ ಮುಖ ಹಾಗಿರುವುದಿಲ್ಲ ಎಂದು ಗಣತಿ ಮಾಡಿದವನಿಗೆ ಗೊತ್ತಿರುತ್ತದೆ.

ಬಾಯಿ ಬಿಟ್ಟವಳು ಚಿಕ್ಕಜಾಲದ ಆಶಾರಾಣಿ. ಅವಳ ಗಂಡ ಶರಣು ಏರ್‌ಪೋರ್ಟಿನಲ್ಲಿ ಪಾಳಿಯ ಕೆಲಸಕ್ಕಿದ್ದ. ಅವಳು ಬಾಗಿಲಲ್ಲೇ ನಿಂತು, ಒಳಗೆ ಕರೆಯುವುದೋ ಬೇಡವೋ ಎಂಬ ಹಾಗೆ ಅವನನ್ನು ನೋಡಿದಳು.

"ನೀವು ಬಳಗಾ ಬಿಟ್ಟೀರೇನವ್ವಾ?" ಎಂದು ಕಾಶಿನಾಥ ಕೇಳಿದ. ಹೂಂ ಎನ್ನಲಿ ಎಂದು ಪೆನ್ನು ತೆರೆದಿಟ್ಟುಕೊಂಡಿದ್ದ.

"ಬಳಗಾ ಯಾಕ ಬಿಡೂಣ್ರಿ? ಆ ಭವನ ಬಿಟ್ಟೀವಿ. ಅದೂ ಯಾಕಂತ ನೀವ ಕೇಳಾಕ್ಹತ್ತೀರಲ್ರೀ ಸರ, ನಿಮಗ ಗೊತ್ತಿಲ್ಲೇನು?"

"ಗೊತ್ತಿಲ್ಲವ್ವಾ."

"ಸರಳಕ್ಕಾರು ಹೋದ ಮರುದಿನ ಮುಂಜಾನೆ ಏಳಕ್ಕ ನಾನೂ ಇವರೂ ಬುತ್ತಿ ತಗೊಂಡು ನಿಮ್ಮ ಬಾಗಲಕ ಬಂದಿದ್ವಿ. ನೀವು ಜಾಳಿಗಿ ಬಾಗಲಾ ಸುದ್ದಾ ತಗೀಲಿಲ್ಲ. ಊಟ ಆಗೇತಿ, ಹೋಗ್ರಿ ಅಂದ್ರಿ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಮ್ಮ ಹಿಂದ ಇನ್ನೂ ಮಂದಿ ನಿಂತಿದ್ರು. ಎಲ್ಲಾರಿಗೂ ಅದ ಮಾತು. ಸಾವಿನ ಮನಿಗೆ ಒಯ್ದ ಬುತ್ತಿ ಹೊಳ್ಳಿ ಮನಿಗೆ ತರಾಕ ಬರತೈತೇನ್ರಿ? ನಿಮ್ಮ ಓಣಿ ಮೂಲ್ಯಾಗ ನಾಯಿಗಿ ಹಾಕಿದ್ವಿ. ಆ ರೊಟ್ಟಿ ಬಡಿಯುವಾಗ ನಾ ಎಷ್ಟು ಅತ್ತಿದ್ನೆಂದರ..."

ಕಾಶಿನಾಥನಿಗೆ ಆ ನಾಯಿಗಳು ನೆನಪಾದವು. ಮೂಲೆಯಲ್ಲಿ ಏಳೆಂಟು ನಾಯಿ, ಹೊಟ್ಟೆ ಬಿರಿಯುವಂತೆ ತಿಂದು ಬಿಸಿಲಿಗೆ ಬಿದ್ದುಕೊಂಡಿದ್ದವು. ಜನರೂ ನೆನಪಾದರು. ಒಂದು ದಿನ ತಡವಾಗಿ, ಪಂಚಪ್ಪನ ಹೋಳಿಗೆ ಉಂಡು ಕೈ ತೊಳೆದುಕೊಂಡು ಬಂದವರು ಎಂದೇ ಅವನು ಅವರನ್ನು ಹೊರಗೆ ನಿಲ್ಲಿಸಿದ್ದ. ಅದೇ ದಿನ ಬಳಗದ ವಾಟ್ಸಾಪ್ ಗುಂಪನ್ನೂ ಬಿಟ್ಟಿದ್ದ, ಯಾವ ಸಂದೇಶವನ್ನೂ ತೆರೆದು ನೋಡದೆ.

"ಅವತ್ತ ಯಾಕ ಬರಲಿಲ್ಲವ್ವಾ?" ಎಂದ. ಧ್ವನಿ ಸಣ್ಣದಾಗಿತ್ತು.

ಆಶಾರಾಣಿ ಒಳಗೆ ಹೋಗಿ ಫೋನು ತಂದಳು. ಬೆರಳಿನಿಂದ ಬಹಳ ಹೊತ್ತು ಮೇಲಕ್ಕೆ ಸರಿಸುತ್ತ ಹೋಗಿ, ಒಂದು ಕಡೆ ನಿಲ್ಲಿಸಿ, ಅವನ ಕೈಗೆ ಕೊಟ್ಟಳು. ಹಾರ ಹಾಕಿಕೊಂಡ ಪಂಚಪ್ಪ, ಪೇಟ ಸುತ್ತಿಕೊಂಡ ಪಂಚಪ್ಪ, ಅಪ್ಪಾವರ ಕಾಲಿಗೆರಗಿದ ಪಂಚಪ್ಪ, ಒಟ್ಟು ನಲವತ್ತು ಫೋಟೋ. ಅವೆಲ್ಲದರ ಕೆಳಗೆ ಸರಳಾಳ ಸಾವಿನ ಸುದ್ದಿ. ಕಳಿಸಿದ ಹೊತ್ತು, ಸಂಜೆ ಏಳೂ ಹನ್ನೆರಡು.

ಮೂವತ್ತೊಂದು ವರ್ಷ, ತನ್ನ ಕೈಕೆಳಗಿನ ಗಣತಿದಾರರಿಗೆ, ಯಾವ ಕಾಗದ ಬಂದರೂ ಮೊದಲು ತಾರೀಕು ನೋಡಿರಿ, ವೇಳೆ ನೋಡಿರಿ ಎಂದು ಪಾಠ ಹೇಳಿದವನು ಅವನು. ತನ್ನ ಹೆಂಡತಿಯ ಸಾವಿನ ಸುದ್ದಿ ಎಷ್ಟು ಹೊತ್ತಿಗೆ ಜನರಿಗೆ ಮುಟ್ಟಿತು ಎಂದು ಅವನೇ ನೋಡಿರಲಿಲ್ಲ. ಮೂರು ಗಂಟೆಗೆ ಮಣ್ಣಾಗಿತ್ತು. ಆರೂವರೆಗೆ ಒಲೆ ಹತ್ತಿತ್ತು.

"ಆ ಮನಷ್ಯಾನ ಎದುರು ಕುಂತು ವಚನಾ ಹಾಡಾಕ ನಮಗ ಬಾಯಿ ಬರಲಿಲ್ರಿ," ಎಂದಳು ಆಶಾರಾಣಿ. "ನಿಮ್ಮ ಮಾರಿ ನೋಡಾಕೂ ಆಗಲಿಲ್ಲ."

ಹಿಂದಕ್ಕೆ ಬರುವ ಬಸ್ಸಿನಲ್ಲಿ ಕಾಶಿನಾಥ ಕಿಟಕಿಯ ಸರಳು ಹಿಡಿದು ಕೂತಿದ್ದ. ಎರಡು ವರ್ಷ ಬಳಗದವರ ಮೇಲೆಲ್ಲ ಹರಡಿಕೊಂಡಿದ್ದ ಸಿಟ್ಟು ಈಗ ಒಂದೇ ಕಡೆಗೆ ಹರಿದು ಬರತೊಡಗಿತು. ಅದರಿಂದ ಅವನಿಗೆ ಸಮಾಧಾನವೇನೂ ಆಗಲಿಲ್ಲ, ಮೈ ಬಿಸಿಯಾಯಿತು. ಕಾರ್ಯಕ್ರಮ ಕೆಡಬಾರದೆಂದು ಹದಿಮೂರು ತಾಸು ಒಂದು ಹೆಣವನ್ನು ಜೇಬಿನಲ್ಲಿಟ್ಟುಕೊಂಡು ಹಾರ ಹಾಕಿಸಿಕೊಂಡನಲ್ಲ, ಆ ಮನುಷ್ಯ!

ಭವನದ ಹಿಂಬದಿಯಲ್ಲಿ ತಗಡಿನ ಮಾಡಿನ ಅಡುಗೆಮನೆಯಿದೆ. ಅದಕ್ಕೆ ಬೇರೆಯೇ ಗೇಟು, ಬೇರೆಯೇ ಕೀಲಿ. ಕೀಲಿ ಚನ್ನಕ್ಕನ ಸೊಂಟದಲ್ಲಿರುತ್ತದೆ. ಬುಧವಾರ ಕಾಶಿನಾಥ ಅಲ್ಲಿಗೆ ಹೋದಾಗ ಆಕೆ ಹಂಚಿನ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅರವತ್ತೈದು ದಾಟಿದ ಹೆಂಗಸು, ತೋಳು ಇನ್ನೂ ಗಟ್ಟಿ. ಸೋಲದೇವನಹಳ್ಳಿಯ ಕಾಲೇಜುಗಳಲ್ಲಿ ನರ್ಸಿಂಗ್ ಓದುವ ಬಡ ಹುಡುಗಿಯರ ಹಾಸ್ಟೆಲ್ಲಿಗೆ ಇಲ್ಲಿಂದ ವಾರಕ್ಕೆ ಮೂರು ದಿನ ರೊಟ್ಟಿ ಹೋಗುತ್ತದೆ. ಅದನ್ನು ಶುರು ಮಾಡಿದವಳು ಸರಳಾ. ದಿನಾ ರೊಟ್ಟಿಗೆ ಹಿಟ್ಟು ತೆಗೆಯುವಾಗ ಮೊದಲು ಒಂದು ಹಿಡಿ ಡಬ್ಬಿಗೆ ಹಾಕಿಡುವುದು, ವಾರಕ್ಕೊಮ್ಮೆ ಆ ಡಬ್ಬಿಯನ್ನು ತಂದು ಇಲ್ಲಿ ಸುರಿಯುವುದು. ಅದಕ್ಕಾಗಿ ಅವಳೇ ಸ್ಟೀಲಿನ ಡಬ್ಬಿಗಳನ್ನು ತರಿಸಿ, ಒಂದೊಂದರ ಮೇಲೂ ಮನೆಯವರ ಹೆಸರು ಕೊರೆಯಿಸಿ ಹಂಚಿದ್ದಳು. ಮನೆಗೊಂದೇ ಡಬ್ಬಿ, ಇಬ್ಬರು ಸೊಸೆಯಂದಿರಿದ್ದರೂ ಒಂದೇ, ಎಂದು ಅವಳ ಕಟ್ಟುನಿಟ್ಟು.

ಅವಳು ಹೋದ ಮೇಲೆ ಅದೆಲ್ಲ ನಿಂತಿರುತ್ತದೆ ಎಂದು ಕಾಶಿನಾಥ ತಿಳಿದಿದ್ದ. ಅವನು ನಿಂತಿದ್ದಾಗಲೇ ಹಿಂದಿನ ಗೇಟಿನಿಂದ ಒಬ್ಬಳು ಸ್ಕೂಟರಿನಲ್ಲಿ ಬಂದು, ಹಿಟ್ಟು ಸುರಿದು, ಖಾಲಿಯಾದ ತನ್ನ ಡಬ್ಬಿಯನ್ನು ಎತ್ತಿಕೊಂಡು ಹೋದಳು. ಹಿಂದೆಯೇ ಇನ್ನೊಬ್ಬ ಬಂದ, ಕಾರ್ಖಾನೆಯ ಸಮವಸ್ತ್ರದಲ್ಲಿ. ಯಾರೂ ಚಪ್ಪಲಿ ಬಿಚ್ಚಲಿಲ್ಲ. ಹೊಸಿಲವರೆಗೆ ಬಂದು ಹಾಗೇ ಹೋದರು.

"ಇವರೆಲ್ಲಾ ಎಷ್ಟು ಮನಿ ಚನ್ನಕ್ಕಾ?"

"ನಿಮ್ಮ ಹೆಂಡತಿ ಕೊಟ್ಟದ್ದು ಮುನ್ನೂರು ಡಬ್ಬಿ ಅಣ್ಣಾರ. ಹದಿಮೂರು ಮನಿಯವರು ಊರು ಬಿಟ್ಟು ಹೋಗ್ಯಾರ. ಡಬ್ಬಿ ಹೊಳ್ಳಿ ಕೊಟ್ಟು, ಕಾಲು ಬಿದ್ದು ಹೋಗ್ಯಾರ. ಉಳಿದದ್ದು ನೀವ ಕಳೀರಿ."

ಇನ್ನೂರ ಎಂಬತ್ತೇಳು. ಮುಂದಿನ ಬಾಗಿಲಲ್ಲಿ ಅರವತ್ತೊಂದು, ಹಿಂದಿನ ಬಾಗಿಲಲ್ಲಿ ಇನ್ನೂರ ಎಂಬತ್ತೇಳು. ಮೂರು ಭಾನುವಾರ ಸ್ಟೂಲು ಹಾಕಿಕೊಂಡು ಅವನು ತಪ್ಪು ಬಾಗಿಲಿಗೆ ಕೂತಿದ್ದ.

"ಏನ ಬರೀತೀರಿ ಅಪ್ಪಾವರಿಗೆ?" ಚನ್ನಕ್ಕ ರೊಟ್ಟಿ ತಿರುವಿ ಹಾಕಿದಳು. "ಕಡಿಮಿ ಆಗೇತಿ ಅಂತ ಬರದ್ರ ಈ ಒಲಿ ಆರತೈತಿ. ಸರಳವ್ವನ ಒಲಿ. ಆಗಿಲ್ಲಂತ ಬರದ್ರ ಆ ಪುಣ್ಯಾತ್ಮಗ ಮತ್ತೊಂದು ಹಾರ."

ಕಾಶಿನಾಥ ಒಲೆಯ ಉರಿಯನ್ನೇ ನೋಡುತ್ತ ನಿಂತ. ನಿಜ ಬರೆದರೆ ಪಂಚಪ್ಪ ಗೆಲ್ಲುತ್ತಾನೆ, ಸುಳ್ಳು ಬರೆದರೆ ಸರಳಾ ಎರಡನೆಯ ಸಲ ಸಾಯುತ್ತಾಳೆ. ಎರಡೂ ಅವನಿಗೆ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದು ಆ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ಬಾಗಿಲು ತೆರೆದಿಟ್ಟುಕೊಂಡು ಕೂತು, ಯಾರೂ ಬರದೇ ಇರುವುದನ್ನು ನೋಡುವುದು.

"ಐತಾರ ಅಪ್ಪಾವರು ಬರಾವ್ರಿದ್ದಾರ," ಎಂದ ಕೊನೆಗೆ. "ಅವತ್ತ ನಮ್ಮ ಮನ್ಯಾಗ ಒಲಿ ಹಚ್ಚಾಂಗಿಲ್ಲ ಚನ್ನಕ್ಕಾ. ಹಿಟ್ಟು ಸುರಿಯಾಕ ಬಂದವರಿಗೆ ಹೇಳು. ಎರಡು ವರ್ಷದ ಹಿಂದ ಊಟ ಆಗೇತಿ ಅಂತ ಹೇಳಿದ್ದು ಸುಳ್ಳಂತ ಹೇಳು. ಕಾಶಿನಾಥ ಇನ್ನೂ ಉಂಡಿಲ್ಲಂತ ಹೇಳು. ಹತ್ತು ಗಂಟೇಕ."

ಚನ್ನಕ್ಕ ಬಡಿಯುತ್ತಿದ್ದ ಕೈ ನಿಲ್ಲಿಸಿ ಅವನ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಹೊಗೆಯಲ್ಲಿ ಸರಿಯಾಗಿ ಕಾಣಲಿಲ್ಲ.

ಭಾನುವಾರಕ್ಕೆ ಪಂಚಪ್ಪ ಭವನದ ತುಂಬ ಚೆಂಡುಹೂವು ಕಟ್ಟಿಸಿದ. ಎಲ್ಲರೂ ಕಡ್ಡಾಯವಾಗಿ ಬರಬೇಕೆಂದು ಮೂರು ದಿನದಿಂದ ಗುಂಪಿಗೆ ಸಂದೇಶ ಹಾಕುತ್ತಲೇ ಇದ್ದ. ಎಲ್ಲರೂ ಅದನ್ನು ನೋಡಿದ್ದರು. ಒಬ್ಬರೂ ಉತ್ತರಿಸಿರಲಿಲ್ಲ. ಹತ್ತೂ ಇಪ್ಪತ್ತಕ್ಕೆ ಕಾಶಿನಾಥ ಹೊಂಗೆ ಮರದ ಕೆಳಗೆ ಬಂದು ನಿಂತ. ಇವತ್ತು ಸ್ಟೂಲು ಬೇಕಾಗಲಿಲ್ಲ. ಮೆಟ್ಟಿಲ ಮೇಲೆ ಒಂಬತ್ತು ಜೋಡಿ ಇದ್ದವು, ಅದರಲ್ಲೊಂದು ಅಪ್ಪಾವರ ಕಟ್ಟಿಗೆಯ ಪಾದುಕೆ. ಪಂಚಪ್ಪ ಒಳಗೂ ಹೊರಗೂ ಓಡಾಡುತ್ತ ಫೋನು ಹಚ್ಚುತ್ತಿದ್ದ. ಅತ್ತ ಗಂಟೆ ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಅವನ ಕುತ್ತಿಗೆಯಲ್ಲಿ ಬೆವರು ಇಳಿಯುವುದನ್ನು ಕಾಶಿನಾಥ ರಸ್ತೆಯ ಈಚೆಯಿಂದ ಕಣ್ತುಂಬ ನೋಡಿದ. ಹತ್ತೂವರೆಯಾಯಿತು. ಪುಸ್ತಕದಲ್ಲಿ ಒಂಬತ್ತು ಎಂದು ಬರೆದು ಮನೆಗೆ ನಡೆದ.

ಮನೆಯ ಬೀದಿ ತುಂಬಿಹೋಗಿತ್ತು. ಚಿಕ್ಕಜಾಲದಿಂದ, ಜಕ್ಕೂರಿನಿಂದ, ಹೆಬ್ಬಾಳದಿಂದ ಬಂದವರು ಗೋಡೆ ಬದಿಗೆ ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಬಟ್ಟೆಯ ಗಂಟು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಲಕ್ಕಣ್ಣ ತನ್ನ ಮನೆಯ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿಸಿ ವಯಸ್ಸಾದವರನ್ನು ಕೂರಿಸುತ್ತಿದ್ದ. "ಇದೇನ್ ಸಾರ್ ಇಂಗೆ ಜನ! ಅವತ್ತು ಎಲ್ಲೋಗಿದ್ರು ಇವ್ರೆಲ್ಲಾ?" ಎಂದು ಕೇಳಿದ.

"ಅವತ್ತು ಇವರಿಗೆ ಹೇಳಿರಲಿಲ್ಲ ಲಕ್ಕಣ್ಣ."

ಸ್ಮಿತಾ ಹಾಲಿನಲ್ಲಿ ಚಾಪೆ ಹಾಸಿದ್ದಳು. ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕಾಶಿನಾಥ ಕೂತ. ಒಬ್ಬೊಬ್ಬರೇ ಬಂದು ಬುತ್ತಿಯನ್ನು ಚಾಪೆಯ ಮೇಲಿಟ್ಟು, ಸರಳಾಳ ಫೋಟೋಕ್ಕೆ ಕೈ ಮುಗಿದು, ಹೆಸರು ಹೇಳಿ ಮುಂದೆ ಸರಿದರು. ಮುದುಕರೊಬ್ಬರು ಅವನ ಕೈ ಹಿಡಿದು, "ಉಣ್ಣಪ್ಪಾ, ಎರಡು ವರ್ಷ ಉಪವಾಸ ಕುಂತಿ," ಎಂದು ಬೈದು ಅತ್ತರು. ಆಶಾರಾಣಿ ಬಂದಳು, ರೊಟ್ಟಿ ಮುರಿದು ಅವನ ಬಾಯಿಗಿಟ್ಟಳು. ಅವನು ನುಂಗಿದ. ಉಪ್ಪಿಟ್ಟು ನಿಂತಿದ್ದ ಜಾಗವನ್ನು ದಾಟಿ ಅದು ಕೆಳಗಿಳಿಯಿತು. ಕಣ್ಣೊರೆಸಿಕೊಂಡು ಬರೆಯುತ್ತಲೇ ಇದ್ದ. ನೂರ ನಲವತ್ತೊಂದನೆಯವಳಾಗಿ ಬಂದವಳು ಪಂಚಪ್ಪನ ಸೊಸೆ ಐಶ್ವರ್ಯ. ತಲೆ ತಗ್ಗಿಸಿ, "ಮಾವಾರಿಗೆ ಹೇಳಿಲ್ರಿ," ಎಂದು ಗಂಟು ಇಟ್ಟು ಹೋದಳು. ಅವಳ ಹೆಸರನ್ನು ಬರೆಯುವಾಗ ಕಾಶಿನಾಥನ ಕೈ ತುಸು ನಿಧಾನವಾಯಿತು.

ಹನ್ನೊಂದೂವರೆಗೆ ಅಪ್ಪಾವರು ನಡೆದೇ ಬಂದರು. ಖಾಲಿ ಭವನದಲ್ಲಿ ಒಂದು ತಾಸು ಕೂತು, ಹಿಂಬದಿಯ ಗೇಟಿನಲ್ಲಿ ನಿಂತ ಚನ್ನಕ್ಕನನ್ನು ಕೇಳಿ, ದಾರಿ ತಿಳಿದುಕೊಂಡು ಬಂದಿದ್ದರು. ಜನ ದಾರಿ ಬಿಟ್ಟರು. ಚಾಪೆ ತುಂಬಿ ಗೋಡೆಯವರೆಗೂ ಏರಿದ್ದ ಗಂಟುಗಳನ್ನೂ ಫೋಟೋವನ್ನೂ ಅವರು ನೋಡಿದರು. ಕಾಶಿನಾಥ ಎದ್ದು ಪುಸ್ತಕವನ್ನು ಅವರ ಕೈಗೆ ಕೊಟ್ಟ. ಎಡಗಡೆಯ ಪುಟದಲ್ಲಿ ಮುಂದಿನ ಬಾಗಿಲಿನ ಒಂಬತ್ತು. ಬಲಗಡೆಯ ಪುಟದಲ್ಲಿ ಇಲ್ಲಿಯದು, ಅವನ ಸ್ವಂತ ಮನೆಯೊಂದನ್ನು ಬಿಟ್ಟು ಇನ್ನೂರ ಎಂಬತ್ತಾರು. ಅದರ ಕೆಳಗೆ ಎರಡೇ ಸಾಲು: ಸರಳಾ ತೀರಿಕೊಂಡ ಹೊತ್ತು ಬೆಳಗಿನ ಐದೂ ನಲವತ್ತು. ಅಧ್ಯಕ್ಷರು ಬಳಗಕ್ಕೆ ತಿಳಿಸಿದ ಹೊತ್ತು ಸಂಜೆ ಏಳೂ ಹನ್ನೆರಡು.

ಅಪ್ಪಾವರು ಅದನ್ನು ಎರಡು ಸಲ ಓದಿದರು.

"ಅವತ್ತ ನಾವು ಇಲ್ಲೇ ಎರಡು ಓಣಿ ಆಚೆ ಹೋಳಿಗಿ ಉಂಡಿದ್ವಿ," ಎಂದರು. ಅವರು ನೆಲದ ಮೇಲೆ ಕೂತರು, ಹತ್ತಿರದ ಗಂಟೊಂದನ್ನು ತಾವೇ ಬಿಚ್ಚಿ, ಒಂದು ತುಣುಕು ರೊಟ್ಟಿ ಮುರಿದುಕೊಂಡರು. ಅದನ್ನು ತಿನ್ನುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ಕೇಳಿದರು, "ಹಿಂದಿನ ಬಾಗಲ ಕೀಲಿ ಯಾರ ಹತ್ರ ಇರತೈತಿ?"

"ಚನ್ನಕ್ಕನ ಹತ್ರ ಅಪ್ಪಾವ್ರ."

"ಮುಂದಿನ ಬಾಗಲದ್ದೂ ಆಕಿ ಹತ್ರನ ಇರಲಿ."

ಕಾಶಿನಾಥನಿಗೆ ಅಷ್ಟು ಸಾಕಾಗಬೇಕಿತ್ತು. ಬೇರೆಯವರಾಗಿದ್ದರೆ ಸಾಕೆನ್ನುತ್ತಿದ್ದರೇನೋ. ಅವನು ಮತ್ತೆ ಸ್ಟೂಲಿನ ಮೇಲೆ ಕೂತು ಬೀದಿಯ ಕಡೆ ನೋಡುತ್ತಲೇ ಇದ್ದ. ಇಷ್ಟಾದ ಮೇಲೆ ಪಂಚಪ್ಪ ಬಂದೇ ಬರುತ್ತಾನೆಂದು ಅವನಿಗೆ ಗೊತ್ತಿತ್ತು. ಅಪ್ಪಾವರು ಎಲ್ಲಿರುತ್ತಾರೋ ಅಲ್ಲಿಗೆ ಬರದೆ ಇರುವ ಮನುಷ್ಯನಲ್ಲ ಅವನು.

ಒಂದು ಗಂಟೆಗೆ ಬಂದ. ಭವನದ ಬೆವರು ಇನ್ನೂ ಆರಿರಲಿಲ್ಲ. ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಬಟ್ಟೆಯ ಸಂದಿಯಿಂದ ಖಾನಾವಳಿಯ ಕಾಗದ ಇಣುಕುತ್ತಿತ್ತು. ಜನ ಅವನಿಗೂ ದಾರಿ ಬಿಟ್ಟರು, ಅಪ್ಪಾವರಿಗೆ ಬಿಟ್ಟಂತೆ ಅಲ್ಲ, ಮೈ ತಾಕಬಾರದೆಂದು ಸರಿದ ಹಾಗೆ. ಗೇಟಿನ ಒಳಗೆ ಬಂದು ಬಾಗಿಲ ಮುಂದೆ ನಿಂತ. ನಗಲಿಕ್ಕೆ ಪ್ರಯತ್ನಿಸಿ ಬಿಟ್ಟುಬಿಟ್ಟ.

"ಕಾಶಿನಾಥ ಸರ, ತಪ್ಪಾಗೇತ್ರಿ. ಅವತ್ತ ಅಷ್ಟು ದೂರದಿಂದ ಮಂದಿ ಬಂದಿದ್ರು, ಏನ ಮಾಡ್ಬೇಕು ತಿಳೀಲಿಲ್ರಿ." ಗಂಟನ್ನು ಎರಡೂ ಕೈಯಿಂದ ಮುಂದೆ ಚಾಚಿದ. "ಇದೊಂದು ತಗೋರಿ. ನನ್ನದೂ ಒಂದು ಇರ್ಲಿ."

ಸ್ಮಿತಾ ತಂದೆಯ ಕಡೆ ನೋಡಿದಳು. ಅಪ್ಪಾವರೂ ನೋಡಿದರು. ಕಾಶಿನಾಥ ಯಾರ ಕಡೆಗೂ ನೋಡದೆ ಪುಸ್ತಕದ ಹಾಳೆ ತಿರುವಿದ. ಬೆರಳನ್ನು ಹೆಸರುಗಳ ಮೇಲೆ ಒಂದೊಂದಾಗಿ ಇಳಿಸುತ್ತ ಬಂದು ಒಂದು ಕಡೆ ನಿಲ್ಲಿಸಿದ. ಎರಡು ವರ್ಷದಲ್ಲಿ ಅವನ ಧ್ವನಿ ಇಷ್ಟು ಮೆತ್ತಗೆ ಬಂದಿರಲಿಲ್ಲ.

"ನಿಮ್ಮ ಮನೀದು ಬಂದೈತ್ರಿ. ನಿಮ್ಮ ಸೊಸಿ ತಂದಾಳ, ನೂರಾ ನಲವತ್ತೊಂದು. ಮನಿಗೊಂದ ಲೆಕ್ಕ. ಸರಳಾ ಇದ್ದಾಗಿಂದ ಹಾಂಗ ಐತಿ."

"ಸರ, ಹಾಂಗ ಅನಬ್ಯಾಡ್ರಿ. ಇದನ್ನ ನಾ ಹೊಳ್ಳಿ ಮನಿಗೆ ಹೆಂಗ ಒಯ್ಲಿ?"

"ನಂದು ಊಟ ಆತ್ರಿ," ಎಂದು ಕಾಶಿನಾಥ ಪುಸ್ತಕ ಮುಚ್ಚಿದ.

ಪಂಚಪ್ಪ ಅಪ್ಪಾವರ ಕಡೆ ನೋಡಿದ. ಅವರು ಕೈಯಲ್ಲಿದ್ದ ರೊಟ್ಟಿಯ ತುಣುಕನ್ನೇ ನೋಡುತ್ತಿದ್ದರು. ಅವನು ಮೆಟ್ಟಿಲಿಳಿದ. ಗೇಟು ದಾಟಿ ನಾಲ್ಕು ಹೆಜ್ಜೆ ಹೋಗಿ, ಗಂಟನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದುಕೊಂಡು, ಎತ್ತ ಹೋಗುವುದೆಂದು ತಿಳಿಯದೆ ಬಿಸಿಲಲ್ಲಿ ನಿಂತ. ಓಣಿಯ ಮೂಲೆಯಲ್ಲಿ ಮಲಗಿದ್ದ ನಾಯಿಗಳಲ್ಲಿ ಒಂದು ತಲೆಯೆತ್ತಿ ಗಾಳಿ ಮೂಸಿತು. ಎದ್ದು ಮೈ ಕೊಡವಿ ಅವನ ಕಡೆ ನಡೆಯತೊಡಗಿತು. ಉಳಿದವೂ ಎದ್ದವು.